ಕಂದಾಯದ ಪುಸ್ತಕದಲ್ಲಿ ಯಾರ ಹೆಸರು? ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ಭೂತೆರಿಗೆಯ ಕತೆ

ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯ ಹೆಸರು ನಿಮಗೆ ಗೊತ್ತಿರುತ್ತದೆ. 1187ರಲ್ಲಿ ಜೆರುಸಲೇಮನ್ನು ಕ್ರುಸೇಡ್ ಯೋಧರ ಕೈಯಿಂದ ಮರಳಿ ಪಡೆದವರು. ಆದರೆ ಅವರ ಹೆಸರಿನಲ್ಲಿ ಇಂಗ್ಲೆಂಡಿನ ಹಳ್ಳಿಹಳ್ಳಿಯಲ್ಲೂ ಒಂದು ತೆರಿಗೆ ವಸೂಲಾಗಿತ್ತು ಅಂದರೆ ನಂಬುತ್ತೀರಾ? 'ಸಲಾದಿನ್ ಟೈದ್' ಅಂತ ಅದನ್ನು ಕರೆದರು. ಸಲಾದಿನ್ ಅಂದರೆ ಸಲಾಹುದ್ದೀನ್, ಟೈದ್ ಅಂದರೆ ಹತ್ತರಲ್ಲಿ ಒಂದು ಪಾಲು. ಜೆರುಸಲೇಮ್ ಕೈತಪ್ಪಿದ ಮರುವರ್ಷವೇ, 1188ರಲ್ಲಿ, ರಾಜ ಎರಡನೇ ಹೆನ್ರಿ ಹೊಸ ಯುದ್ಧದ ಖರ್ಚಿಗೆಂದು ಪ್ರಜೆಗಳ ವರಮಾನ ಮತ್ತು ಚರಾಸ್ತಿಯಲ್ಲಿ ಹತ್ತನೇ ಒಂದು ಭಾಗ ಕೇಳಿದ. ಚರ್ಚಿನ ಪ್ರತಿ ಪ್ಯಾರಿಷ್‌ನಲ್ಲೂ ಪಾದ್ರಿ ಮತ್ತು ರಾಜನ ಕಡೆಯವರು ಕೂತು ಹಣ ಎಣಿಸಿಕೊಂಡರು. ಯಾರಾದರೂ ಕಡಿಮೆ ಕೊಟ್ಟಿದ್ದಾರೆ ಅನ್ನಿಸಿದರೆ, ಅದೇ ಊರಿನ ನಾಲ್ಕಾರು ಜನ ಪ್ರಮಾಣ ಮಾಡಿ 'ಇವನು ಇಷ್ಟು ಕೊಡಬೇಕಿತ್ತು' ಅಂತ ಹೇಳಬೇಕಿತ್ತು. ಶಿಲುಬೆ ಹೊತ್ತು ಯುದ್ಧಕ್ಕೆ ಹೊರಟವನಿಗೆ ಮಾತ್ರ ಮಾಫಿ.

ಹೆನ್ರಿ ಇದೇ ತೆರಿಗೆಯನ್ನು ಸ್ಕಾಟ್ಲೆಂಡಿನಲ್ಲೂ ಎತ್ತಲು ನೋಡಿದ. ಅಲ್ಲಿನ ಸರದಾರರು ಕೊಡುವುದಿಲ್ಲ ಅಂದರು, ಕೊಡಲೂ ಇಲ್ಲ. ಒಂದೇ ದ್ವೀಪದ ಎರಡು ರಾಜ್ಯಗಳು. ಇಂಗ್ಲೆಂಡಿನಲ್ಲಿ ಲೆಕ್ಕ ಬರೆದು ಹಣ ಎಣಿಸಿದರು, ಸ್ಕಾಟ್ಲೆಂಡಿನಲ್ಲಿ ಆಗೋಲ್ಲ ಅಂದರು.

ಈ ಪ್ರಸಂಗದಿಂದ ಶುರುಮಾಡಲು ಕಾರಣವಿದೆ. ತೆರಿಗೆಯ ಚರಿತ್ರೆ ಅಂದರೆ ಬರೀ ಅಂಕಿ ಅಂತ ನಾವು ಪುಟ ತಿರುವಿಬಿಡುತ್ತೇವೆ. ಆದರೆ ಯಾವುದೇ ದೇಶದ ಕಂದಾಯದ ಪುಸ್ತಕ ತೆರೆದಾಗ ಎರಡು ಪ್ರಶ್ನೆ ಕೇಳಿ ನೋಡಿ: ಈ ಲೆಕ್ಕ ಬರೆದದ್ದು ಯಾವಾಗ? ಬರೆಯುವಾಗ ಮೇಜಿನ ಸುತ್ತ ಕೂತಿದ್ದವರು ಯಾರು? ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಸಾವಿರ ವರ್ಷದ ಭೂತೆರಿಗೆಯನ್ನು ಈ ಎರಡು ಪ್ರಶ್ನೆ ಹಿಡಿದುಕೊಂಡು ನೋಡೋಣ.

ಡೇನರಿಗೆ ಕೊಟ್ಟ ಹಣ

ಸಲಾಹುದ್ದೀನರ ಕಾಲಕ್ಕಿಂತ ಇನ್ನೂರು ವರ್ಷ ಹಿಂದೆ ಹೋಗೋಣ. ಡೆನ್ಮಾರ್ಕ್ ಕಡೆಯ ವೈಕಿಂಗ್ ದಂಡುಗಳು ಇಂಗ್ಲೆಂಡಿನ ತೀರವನ್ನು ಸುಲಿಯುತ್ತಿದ್ದ ಕಾಲ. 991ರಲ್ಲಿ ಮಾಲ್ಡನ್ ಎಂಬಲ್ಲಿ ಇಂಗ್ಲಿಷರು ಸೋತರು. 'ಹಣ ತಗೊಂಡು ಹೊರಟುಹೋಗಿ' ಅಂತ ದಾಳಿಕೋರರಿಗೆ 10,000 ಪೌಂಡ್ ಕೊಟ್ಟರು. ಹೋದವರು ಮತ್ತೆ ಬಂದರು, ಮತ್ತೆ ಕೊಡಬೇಕಾಯಿತು. 1012ರಿಂದ ಡೇನ್ ಸೈನಿಕರನ್ನೇ ಸಂಬಳಕ್ಕೆ ಇಟ್ಟುಕೊಂಡು, ಅವರ ಸಂಬಳಕ್ಕೆಂದು ಪ್ರತಿವರ್ಷ ಭೂಮಿಯ ಮೇಲೆ ತೆರಿಗೆ ಎತ್ತತೊಡಗಿದರು. 1051ರಲ್ಲಿ ಎಡ್ವರ್ಡ್ ದೊರೆ ಇದನ್ನು ನಿಲ್ಲಿಸಿದ. 1066ರಲ್ಲಿ ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದ ವಿಲಿಯಂ ಇದನ್ನು ಮತ್ತೆ ತಂದ. ಶತ್ರುವಿಗೆ ಕೊಡಲೆಂದು ಹುಟ್ಟಿದ ತೆರಿಗೆ ಶತ್ರು ಹೋದಮೇಲೂ ಉಳಿಯಿತು. 'ಡೇನ್‌ಗೆಲ್ಡ್' ಅನ್ನುವ ಹೆಸರೂ ಉಳಿಯಿತು.

ಈ ತೆರಿಗೆಯನ್ನು ಎಣಿಸುತ್ತಿದ್ದದ್ದು 'ಹೈಡ್' ಲೆಕ್ಕದಲ್ಲಿ. ಹೈಡ್ ಅಂದರೆ ಮೂಲದಲ್ಲಿ ಒಂದು ಕುಟುಂಬ ಬದುಕಲು ಬೇಕಾದಷ್ಟು ಭೂಮಿ. ನಮ್ಮ ಹಿರಿಯರು 'ಖಂಡುಗದ ಗದ್ದೆ' ಅನ್ನುತ್ತಿದ್ದರಲ್ಲ, ಬಿತ್ತುವ ಬೀಜದಿಂದ ಭೂಮಿಯನ್ನು ಅಳೆಯುವ ಮಾತು, ಅಂಥದ್ದೇ ಇದು. ಸಾಮಾನ್ಯವಾಗಿ 120 ಎಕರೆ ಅಂತ ಹೇಳುತ್ತಾರೆ. ಆದರೆ ಕಾಲ ಕಳೆದಂತೆ ಹೈಡ್ ನೆಲದ ಅಳತೆಯಾಗಿ ಉಳಿಯಲಿಲ್ಲ, ತೆರಿಗೆಯ ಅಳತೆಯಾಯಿತು. ಒಂದು ಊರು ಐದು ಹೈಡ್ ಅಂದರೆ ಅಲ್ಲಿ ಆರುನೂರು ಎಕರೆ ಇತ್ತು ಅಂತ ಅರ್ಥವಲ್ಲ. ಐದು ಹೈಡಿನ ತೆರಿಗೆ ಕಟ್ಟುತ್ತಿತ್ತು ಅಂತ ಅರ್ಥ.

ಇಲ್ಲೇ ಮೊದಲ ಜಾಣತನ ನುಸುಳಿತು. ರಾಜನಿಗೆ ಬೇಕಾದವರ ಹೈಡ್ ಸಂಖ್ಯೆ ಕಾಗದದ ಮೇಲೆ ಇಳಿಯಿತು. ವಿಂಚೆಸ್ಟರ್ ಚರ್ಚಿಗೆ ಸೇರಿದ ಚಿಲ್ಕಂಬ್ ಎಂಬ ಜಮೀನು ನೂರು ಹೈಡಿನಷ್ಟು ದೊಡ್ಡದು. ತೆರಿಗೆಗೆ ಮಾತ್ರ ಅದು ಒಂದೇ ಒಂದು ಹೈಡ್! ಹೊಲಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಬದಲಾದದ್ದು ಪುಸ್ತಕ.

ವಿಲಿಯಂಗೆ ಇದು ಗೊತ್ತಿಲ್ಲದೆ ಇರಲಿಲ್ಲ. 1084ರಲ್ಲಿ ಅವನು ಹೈಡಿಗೆ 6 ಶಿಲಿಂಗ್ ತೆರಿಗೆ ಹಾಕಿದ, ಮಾಮೂಲಿ ದರದ ಮೂರು ಪಟ್ಟು. ಮರುವರ್ಷ ಕ್ರಿಸ್ಮಸ್ ಹೊತ್ತಿಗೆ ಗ್ಲಾಸ್ಟರ್ ಊರಿನಲ್ಲಿ ಸಭೆ ಸೇರಿಸಿ, ಇಡೀ ರಾಜ್ಯದ ಭೂಮಿಯ ವಿಚಾರಣೆಗೆ ಅಪ್ಪಣೆ ಕೊಟ್ಟ. 1086ರಲ್ಲಿ ಅಧಿಕಾರಿಗಳು ಊರೂರಿನ ಪಾದ್ರಿ, ಮುಖಂಡ, ಆರು ಜನ ರೈತರನ್ನು ಪ್ರಮಾಣ ಮಾಡಿಸಿ ಕೇಳಿದರು: ಈ ಜಮೀನು ಎಡ್ವರ್ಡನ ಕಾಲದಲ್ಲಿ ಯಾರದಿತ್ತು? ಈಗ ಯಾರದು? ಎಷ್ಟು ನೇಗಿಲು, ಎಷ್ಟು ಗಿರಣಿ, ಎಷ್ಟು ಕಾಡು? ಆಗ ಬೆಲೆ ಎಷ್ಟು, ಈಗ ಎಷ್ಟು? ಇನ್ನೂ ಹೆಚ್ಚು ಎತ್ತಬಹುದೇ? ಈ ಕೊನೆಯ ಪ್ರಶ್ನೆಯಲ್ಲಿ ವಿಚಾರಣೆಯ ಉದ್ದೇಶ ಗೊತ್ತಾಗಿಬಿಡುತ್ತದೆ.

ಹಾಗೆ ತಯಾರಾದ ಪುಸ್ತಕಕ್ಕೆ ಜನ ಇಟ್ಟ ಹೆಸರು 'ಡೂಮ್ಸ್‌ಡೇ ಬುಕ್'. ನಮ್ಮ ಮಾತಲ್ಲಿ ಹೇಳುವುದಾದರೆ ಕಿಯಾಮತ್ತಿನ ಪುಸ್ತಕ. ಆ ದಿನದ ತೀರ್ಪಿನ ಮೇಲೆ ಅಪೀಲಿಲ್ಲ. ಈ ಪುಸ್ತಕದ ಮೇಲೂ ಅಪೀಲಿಲ್ಲ. ರಾಜನ ಖಜಾನೆಯ ಅಧಿಕಾರಿ ರಿಚರ್ಡ್ ಫಿಟ್ಜ್‌ನೈಜೆಲ್ ಹನ್ನೆರಡನೇ ಶತಮಾನದಲ್ಲಿ ಈ ಹೆಸರಿಗೆ ಇದೇ ವಿವರಣೆ ಕೊಟ್ಟಿದ್ದಾನೆ. ಒಂದು ತೆರಿಗೆ ಪುಸ್ತಕದ ಬಗ್ಗೆ ಜನರಿಗಿದ್ದ ಭಯ ಈ ಹೆಸರಿನಲ್ಲೇ ಇದೆ.

ಆದರೂ ತೆರಿಗೆ ಬದುಕಲಿಲ್ಲ. ಇವರಿಗೆ ಮಾಫಿ, ಅವರಿಗೆ ರಿಯಾಯಿತಿ ಅಂತ ವಸೂಲಿ ಸವೆಯುತ್ತ ಹೋಗಿ, 1162ರಲ್ಲಿ ಕೊನೆಯ ಡೇನ್‌ಗೆಲ್ಡ್ ಎತ್ತಿದರು. ಅದಾಗಿ 26 ವರ್ಷಕ್ಕೆ ಬಂದದ್ದೇ ಸಲಾದಿನ್ ಟೈದ್. ಹಳೆಯ ಭೂಲೆಕ್ಕ ಕೈಕೊಟ್ಟಾಗ ವರಮಾನ ಮತ್ತು ಚರಾಸ್ತಿಯ ಮೇಲೆ ಕೈಯಿಟ್ಟರು ಅಂತ ಅರ್ಥ.

ಪುಸ್ತಕವನ್ನು ಬಡವರು ಕೇಳಿದಾಗ

ತೆರಿಗೆ ಸತ್ತರೂ ಪುಸ್ತಕ ಸಾಯಲಿಲ್ಲ. 1377ರಲ್ಲಿ ನಡೆದದ್ದು ಕೇಳಿ. ದಕ್ಷಿಣ ಇಂಗ್ಲೆಂಡಿನ ಹತ್ತಾರು ಹಳ್ಳಿಗಳ ಜೀತದ ರೈತರು ಕಾಸಿಗೆ ಕಾಸು ಕೂಡಿಸಿ, ಡೂಮ್ಸ್‌ಡೇ ಪುಸ್ತಕದಲ್ಲಿ ತಮ್ಮ ಊರಿನ ಬಗ್ಗೆ ಇದ್ದದ್ದರ ದೃಢೀಕೃತ ನಕಲು ತೆಗೆಸಿದರು. ಯಾಕೆ? ಹಿಂದೆ ನೇರವಾಗಿ ರಾಜನ ಕೈಯಲ್ಲಿದ್ದ ಜಮೀನಿನ ರೈತರಿಗೆ ಕೆಲವು ವಿಶೇಷ ಹಕ್ಕುಗಳಿದ್ದವು. ಒಡೆಯ ತನಗೆ ತೋಚಿದ ಹಾಗೆ ಅವರ ಬಿಟ್ಟಿ ದುಡಿಮೆ ಹೆಚ್ಚಿಸುವಂತಿರಲಿಲ್ಲ. 'ನಮ್ಮೂರು ರಾಜನದಾಗಿತ್ತು, ಪುಸ್ತಕದಲ್ಲಿ ಬರೆದಿದೆ, ನಾವು ಬಿಟ್ಟಿ ಮಾಡುವುದಿಲ್ಲ' ಅಂತ ಅವರು ಎದ್ದು ನಿಂತರು.

ಒಡೆಯರು ಗಾಬರಿಬಿದ್ದು ಪಾರ್ಲಿಮೆಂಟಿಗೆ ದೂರು ಒಯ್ದರು. ಈ ನಕಲಿಗೂ ಬಿಟ್ಟಿ ಕೆಲಸಕ್ಕೂ ಸಂಬಂಧವಿಲ್ಲ ಅಂತ ತೀರ್ಮಾನವಾಯಿತು. ರೈತರು ಸೋತರು. ನಾಲ್ಕು ವರ್ಷದ ನಂತರ, 1381ರಲ್ಲಿ, ತಲೆಗಂದಾಯದ ವಿರುದ್ಧ ಇಂಗ್ಲೆಂಡಿನ ರೈತರು ದಂಗೆಯೆದ್ದಾಗ ಕಡತಗಳನ್ನು ಸುಟ್ಟದ್ದು ಸುಮ್ಮನೆ ಅಲ್ಲ. ಕಾಗದ ನಮ್ಮ ಪರವಾಗಿ ಮಾತಾಡುವುದಿಲ್ಲ ಅಂತ ಅವರಿಗೆ ಅಷ್ಟು ಹೊತ್ತಿಗೆ ಅರ್ಥವಾಗಿತ್ತು.

ಈ ನಡುವೆ ಚರಾಸ್ತಿ ತೆರಿಗೆಯ ಗತಿಯೂ ಡೇನ್‌ಗೆಲ್ಡಿನ ಗತಿಯೇ ಆಯಿತು. ಹಳ್ಳಿಗಳಲ್ಲಿ ಹದಿನೈದನೇ ಒಂದು, ಪಟ್ಟಣಗಳಲ್ಲಿ ಹತ್ತನೇ ಒಂದು ಅಂತ ಮನೆಮನೆ ಲೆಕ್ಕ ಹಾಕುತ್ತಿದ್ದರು. ಲಂಚ, ಜಗಳ ಹೆಚ್ಚಾಯಿತು. 1334ರಲ್ಲಿ ಊರೂರಿನ ಜೊತೆ ಮಾತಾಡಿ ಪ್ರತಿ ಊರಿಗೂ ಒಂದು ಗುತ್ತ ಮೊತ್ತ ಗೊತ್ತುಮಾಡಿದರು. ಊರಿನವರು ಹೇಗಾದರೂ ಹಂಚಿಕೊಳ್ಳಲಿ. ದೇಶಕ್ಕೆಲ್ಲ ಸೇರಿ ಸುಮಾರು 38,000 ಪೌಂಡ್. ಹದಿನೈದು ವರ್ಷ ತುಂಬುವುದರೊಳಗೆ ದೊಡ್ಡ ಪ್ಲೇಗು ಬಂದು ಊರಿಗೆ ಊರೇ ಬರಿದಾಯಿತು. ಮೊತ್ತ ಮಾತ್ರ ಅಲ್ಲೇ ನಿಂತಿತ್ತು. ಬಡವಾದ ಊರುಗಳಿಗೆ ಒಟ್ಟು 4,000 ಪೌಂಡ್ ಸೋಡಿ ಸಿಗಲು 1433ರವರೆಗೆ ಕಾಯಬೇಕಾಯಿತು. ಈ ಗುತ್ತ ಹದಿನೇಳನೇ ಶತಮಾನದವರೆಗೂ ನಡೆಯಿತು.

ಪೌಂಡಿಗೆ ನಾಲ್ಕು ಶಿಲಿಂಗ್

ಈಗ 1692ಕ್ಕೆ ಬನ್ನಿ. ಫ್ರಾನ್ಸಿನ ಜೊತೆ ಯುದ್ಧ, ಖಜಾನೆ ಖಾಲಿ. ಇಂಗ್ಲೆಂಡಿನ ಪಾರ್ಲಿಮೆಂಟ್ ಜಮೀನಿನ ವಾರ್ಷಿಕ ಗೇಣಿಯ ಮೇಲೆ ಪೌಂಡಿಗೆ 4 ಶಿಲಿಂಗ್ ತೆರಿಗೆ ಹಾಕಿತು. ಆಗ ಪೌಂಡಿಗೆ 20 ಶಿಲಿಂಗ್, ಅಂದರೆ ಗೇಣಿಯ ಐದನೇ ಒಂದು ಪಾಲು. ಹೇಳುವುದಕ್ಕೆ ಚರಾಸ್ತಿ, ಸರಕಾರಿ ಸಂಬಳ ಎಲ್ಲದರ ಮೇಲೂ ತೆರಿಗೆ ಇತ್ತು. ಆದರೆ ಹಣವನ್ನು ಮುಚ್ಚಿಡಬಹುದು, ಹೊಲವನ್ನು ಎಲ್ಲಿ ಮುಚ್ಚಿಡುತ್ತೀರಿ? ಹಾಗಾಗಿ ಕೊನೆಗೆ ಭಾರವೆಲ್ಲ ಭೂಮಿಯ ಮೇಲೆ ಬಿತ್ತು. 'ಲ್ಯಾಂಡ್ ಟ್ಯಾಕ್ಸ್' ಅನ್ನುವ ಹೆಸರೇ ನಿಂತಿತು.

ಮೊದಲ ವರ್ಷದ ಲೆಕ್ಕವನ್ನು ಬರೆದವರು ಆಯಾ ಕೌಂಟಿಯ ಜಮೀನ್ದಾರರೇ. ಅವರೇ ಕಮಿಷನರುಗಳು, ಅವರೇ ತೆರಿಗೆದಾರರು. ಹೊಸ ರಾಜನಿಗೆ ನಿಷ್ಠರಾಗಿದ್ದ ಲಂಡನ್ ಸುತ್ತಿನ ಮತ್ತು ಪೂರ್ವದ ಕೌಂಟಿಗಳು ಹೆಚ್ಚುಕಡಿಮೆ ಸರಿಯಾಗಿ ಬರೆದವು; ದೂರದ ಉತ್ತರ, ಪಶ್ಚಿಮದವು ಕಮ್ಮಿ ಬರೆದವು. 1698ರಲ್ಲಿ ಪಾರ್ಲಿಮೆಂಟ್ ಅದೇ ಅಂಕಿಗಳ ಆಧಾರದ ಮೇಲೆ ಪ್ರತಿ ಕೌಂಟಿಗೆ ಕೋಟಾ ಗೊತ್ತುಮಾಡಿಬಿಟ್ಟಿತು. ಸರಿಯಾಗಿ ಬರೆದವನಿಗೆ ಅದೇ ಶಿಕ್ಷೆಯಾಯಿತು. ಮುಂದೆ ಲ್ಯಾಂಕಷೈರಿನಲ್ಲಿ ಹತ್ತಿ ಗಿರಣಿಗಳೆದ್ದವು, ನೆಲದ ಬೆಲೆ ಆಕಾಶಕ್ಕೇರಿತು. ಕೋಟಾ ಕದಲಲಿಲ್ಲ.

ದರ ಮಾತ್ರ ಏರಿಳಿಯುತ್ತಿತ್ತು. ಯುದ್ಧ ಇದ್ದಾಗ 4 ಶಿಲಿಂಗ್, ಶಾಂತಿ ಇದ್ದಾಗ ಎರಡೋ ಮೂರೋ. ರಾಬರ್ಟ್ ವಾಲ್ಪೋಲ್ ಪ್ರಧಾನಿಯಾಗಿದ್ದಾಗ, 1732ರಲ್ಲಿ, ದರವನ್ನು 1 ಶಿಲಿಂಗಿಗೆ ಇಳಿಸಿದ. ಜಮೀನ್ದಾರರು ಹಿಗ್ಗಿದರು. ಖಜಾನೆಗೆ ಬಿದ್ದ ಖೋತಾ ತುಂಬಿಸಲು ಆತ ಮಾಡಿದ್ದೇನು ಗೊತ್ತೇ? ಎರಡು ವರ್ಷ ಹಿಂದೆ ತಾನೇ ತೆಗೆದುಹಾಕಿದ್ದ ಉಪ್ಪಿನ ತೆರಿಗೆಯನ್ನು ಮತ್ತೆ ತಂದ. ಸಾವಿರ ಎಕರೆಯವನೂ ಕೂಲಿಯವನೂ ತಿನ್ನುವುದು ಹೆಚ್ಚುಕಡಿಮೆ ಅಷ್ಟೇ ಉಪ್ಪು. ದೊಡ್ಡವರ ಹೊಲದ ಮೇಲಿಂದ ಎತ್ತಿದ ಭಾರ ಬಡವನ ಗಂಜಿಯ ಬಟ್ಟಲಿಗೆ ಬಿತ್ತು.

ಎರಡು ಪಟ್ಟು ಕಟ್ಟಿದವರು

ಅಲ್ಪಸಂಖ್ಯಾತ ಸಮುದಾಯದ ಓದುಗರು ಗಮನಿಸಬೇಕಾದ ಇನ್ನೊಂದು ಕಲಂ ಈ ಕಾಯ್ದೆಯಲ್ಲಿತ್ತು. ಆಗಿನ ಇಂಗ್ಲೆಂಡ್ ಪ್ರಾಟೆಸ್ಟಂಟ್ ರಾಜ್ಯ. ರಾಜನಿಷ್ಠೆಯ ಪ್ರಮಾಣ ಸ್ವೀಕರಿಸದ ಕ್ಯಾಥೊಲಿಕರು ಈ ತೆರಿಗೆಯನ್ನು ಎರಡು ಪಟ್ಟು ಕಟ್ಟಬೇಕಿತ್ತು. ಆ ಪ್ರಮಾಣದ ಮಾತುಗಳು ಅವರ ನಂಬಿಕೆಗೆ ಒಗ್ಗುವಂಥವಲ್ಲ. ಪಕ್ಕದ ಹೊಲದವನು ಪೌಂಡಿಗೆ 4 ಶಿಲಿಂಗ್ ಕೊಟ್ಟರೆ ಇವನು 8. 1715ರ ದಂಗೆಯ ನಂತರ ಕ್ಯಾಥೊಲಿಕರು ತಮ್ಮ ಜಮೀನಿನ ವಿವರವನ್ನು ಪ್ರತ್ಯೇಕವಾಗಿ ದಾಖಲಿಸಬೇಕು ಅಂತಲೂ ಕಾನೂನು ಬಂತು. ಕೆಲವೇ ವರ್ಷಗಳಲ್ಲಿ, ಒಂದು ರಾಜದ್ರೋಹದ ಸಂಚು ಬಯಲಾದಾಗ, ವಾಲ್ಪೋಲ್ ಇಡೀ ಸಮುದಾಯದ ಮೇಲೆ 1,00,000 ಪೌಂಡ್ ವಿಶೇಷ ದಂಡ ಹೊರಿಸಿದ. ಸಂಚು ಮಾಡಿದವರಲ್ಲಿ ಮುಖ್ಯನಾದವನು ಪ್ರಾಟೆಸ್ಟಂಟ್ ಚರ್ಚಿನ ಒಬ್ಬ ಬಿಷಪ್!

ಈ ಎರಡು ಪಟ್ಟಿನ ಲೆಕ್ಕದಲ್ಲಿ ಒಂದು ಸೂಕ್ಷ್ಮ ಇದೆ. ಕೋಟಾ ನಿಗದಿಯಾದ ಮೇಲೆ ಊರಿನಿಂದ ಹೋಗಬೇಕಾದ ಒಟ್ಟು ಹಣ ಒಂದೇ. ಹಾಗಿದ್ದಾಗ ಊರಿನ ಕ್ಯಾಥೊಲಿಕ್ ಎರಡು ಪಟ್ಟು ಕೊಟ್ಟರೆ ಲಾಭ ಯಾರಿಗೆ? ಸರಕಾರಕ್ಕಲ್ಲ, ನೆರೆಯವರಿಗೆ. ಅವರ ಪಾಲು ಅಷ್ಟು ಕಮ್ಮಿಯಾಗುತ್ತಿತ್ತು. ತಾರತಮ್ಯದಲ್ಲಿ ನೆರೆಹೊರೆಗೂ ಒಂದು ಪಾಲು ಕೊಟ್ಟರೆ ಅದರ ವಿರುದ್ಧ ದನಿಯೆತ್ತುವವರು ಕಮ್ಮಿ. ಎಷ್ಟೋ ಕಡೆ ನೆರೆಯವರು ಕಣ್ಣುಮುಚ್ಚಿ ಒಂದೇ ಪಟ್ಟು ಬರೆಸಿದ್ದೂ ಉಂಟು; ಅದೂ ಸತ್ಯ. ಹದಿನೆಂಟನೇ ಶತಮಾನದ ಕೊನೆಗೆ ಈ ಕಲಂ ಕಾಯ್ದೆಯಿಂದ ಬಿಟ್ಟುಹೋಯಿತು. ಆದರೆ ಪುಸ್ತಕದಲ್ಲಿ ಒಮ್ಮೆ ಏರಿದ್ದ ಅಂಕಿಯನ್ನು ಇಳಿಸಿಕೊಳ್ಳಲು ಕೆಲವರಿಗೆ 1830ರ ದಶಕದವರೆಗೂ ಬೇಕಾಯಿತು.

ಸ್ಕಾಟ್ಲೆಂಡಿನ ಸೆಸ್

ಸಲಾಹುದ್ದೀನರ ಹೆಸರಿನ ತೆರಿಗೆಗೆ ಆಗೋಲ್ಲ ಅಂದಿದ್ದ ಸ್ಕಾಟ್ಲೆಂಡ್ ಏನು ಮಾಡುತ್ತಿತ್ತು? ಅಲ್ಲಿ ಭೂಮಿಯ ಅಳತೆಯೇ ಬೇರೆ: ಉತ್ತರದಲ್ಲಿ ದವೊಖ್, ಪಶ್ಚಿಮದಲ್ಲಿ ಪೆನ್ನಿಲ್ಯಾಂಡ್, ಇನ್ನು ಕೆಲವೆಡೆ ಮರ್ಕ್‌ಲ್ಯಾಂಡ್. ಹದಿನೇಳನೇ ಶತಮಾನದಲ್ಲಿ ಅಂತರ್ಯುದ್ಧ ನಡೆದಾಗ, ಆಮೇಲೆ ಇಂಗ್ಲೆಂಡಿನ ಕ್ರಾಮ್‌ವೆಲ್ ಸ್ಕಾಟ್ಲೆಂಡನ್ನು ಗೆದ್ದುಕೊಂಡಾಗ, ತಿಂಗಳ ಲೆಕ್ಕದ ಭೂತೆರಿಗೆ ಶುರುವಾಯಿತು. ಜನ ಅದನ್ನು 'ಸೆಸ್' ಅಂದರು. ಪೆಟ್ರೋಲಿನ ಮೇಲೆ, ಆದಾಯ ತೆರಿಗೆಯ ಮೇಲೆ ಸೆಸ್ ಅಂತ ನಾವು ಇವತ್ತು ಕಟ್ಟುತ್ತೇವಲ್ಲ, ಅದೇ ಪದ. 1667ರಲ್ಲಿ ಈ ಸೆಸ್ ತಿಂಗಳಿಗೆ 72,000 ಸ್ಕಾಟ್ ಪೌಂಡ್ ಅಂತ ಗೊತ್ತಾಯಿತು. ಹನ್ನೆರಡು ಸ್ಕಾಟ್ ಪೌಂಡ್ ಅಂದರೆ ಒಂದು ಇಂಗ್ಲಿಷ್ ಪೌಂಡ್. ಹಾಗಾಗಿ ತಿಂಗಳಿಗೆ 6,000 ಇಂಗ್ಲಿಷ್ ಪೌಂಡ್. ಪ್ರತಿ ಜಮೀನಿಗೂ 'ವ್ಯಾಲ್ಯೂಡ್ ರೆಂಟ್' ಎಂಬ ಗೇಣಿಯ ಅಂದಾಜು ಬರೆದು ಅದರ ಪ್ರಕಾರ ಹಂಚಿದರು. ಹಂಚುವವರು 'ಕಮಿಷನರ್ಸ್ ಆಫ್ ಸಪ್ಲೈ', ಅಲ್ಲಿಯೂ ಸ್ಥಳೀಯ ಜಮೀನ್ದಾರರೇ.

1707ರಲ್ಲಿ ಎರಡು ದೇಶ ಒಂದಾದವು. ಒಪ್ಪಂದದ ಒಂಬತ್ತನೇ ಕಲಂ ಓದಿದರೆ ಬೆರಗಾಗುತ್ತದೆ: ಇಂಗ್ಲೆಂಡ್ ಭೂತೆರಿಗೆಯಾಗಿ 19,97,763 ಪೌಂಡ್ 8 ಶಿಲಿಂಗ್ 4½ ಪೆನ್ಸ್ ಎತ್ತುವ ವರ್ಷ ಸ್ಕಾಟ್ಲೆಂಡ್ 48,000 ಪೌಂಡ್ ಕೊಡಬೇಕು. ಪೆನ್ನಿಯ ಅರ್ಧದವರೆಗೆ ಬರೆದ ಲೆಕ್ಕ! ಆ 48,000 ಎಲ್ಲಿಂದ ಬಂತು? ಎಂಟು ತಿಂಗಳ ಸೆಸ್, ಅಷ್ಟೇ. ಇಂಗ್ಲೆಂಡಿನ ಪಾಲಿನ ನಲವತ್ತನೇ ಒಂದು ಭಾಗಕ್ಕಿಂತಲೂ ಕಮ್ಮಿ. ಸ್ಕಾಟರ ಜನಸಂಖ್ಯೆ ಮಾತ್ರ ಇಂಗ್ಲಿಷರ ಐದನೇ ಒಂದರ ಆಸುಪಾಸು. ಬಡ ದೇಶ ಅನ್ನುವುದು ನಿಜ, ಆದರೆ ಚೌಕಾಸಿ ಚೆನ್ನಾಗಿ ಮಾಡಿದ್ದರು ಅನ್ನುವುದೂ ನಿಜ. ಮೇಜಿನ ಮುಂದೆ ಕುಳಿತವರಿಗೆ ಸಿಕ್ಕ ಲಾಭ ಇದು.

ಕಟ್ಟುವವನಿಗೂ ಒಮ್ಮೊಮ್ಮೆ ಈ ಹೆಪ್ಪುಗಟ್ಟಿದ ಅಂಕಿಯಿಂದ ಲಾಭ ಆಗುತ್ತದೆ ಅಂತ ಒಪ್ಪಿಕೊಳ್ಳಬೇಕು. ಸ್ಕಾಟ್ಲೆಂಡಿನಲ್ಲಿ ಜಮೀನು ಪಡೆದವನು ಮೇಲಿನ ಒಡೆಯನಿಗೆ ವರ್ಷವರ್ಷ 'ಫ್ಯೂ ಡ್ಯೂಟಿ' ಕೊಡಬೇಕಿತ್ತು. ಅದು ಸರಕಾರದ ತೆರಿಗೆಯಲ್ಲ, ಊಳಿಗಮಾನ್ಯದ ಕಾಣಿಕೆ. ಮೊತ್ತ ಹಣದಲ್ಲಿ ನಿಗದಿಯಾದ್ದರಿಂದ ಬೆಲೆಯೇರಿಕೆಯಲ್ಲಿ ಕರಗುತ್ತ ಕರಗುತ್ತ ಚಿಲ್ಲರೆ ಕಾಸಾಯಿತು. ಆದರೂ ಕಾನೂನಿನ ಪ್ರಕಾರ ಒಡೆಯ ಒಡೆಯನೇ. ಸ್ಕಾಟ್ಲೆಂಡ್ ಈ ವ್ಯವಸ್ಥೆಯನ್ನು ಪೂರ್ತಿ ಕಿತ್ತುಹಾಕಿದ್ದು ಯಾವಾಗ ಗೊತ್ತೇ? 2004ರ ನವೆಂಬರ್ 28ರಂದು.

ತೆರಿಗೆ ರಸೀದಿಯೇ ಮತದಾರರ ಚೀಟಿ

ತೆರಿಗೆ ಪುಸ್ತಕದಲ್ಲಿ ಹೆಸರಿದ್ದರೆ ಹಣ ಹೋಗುತ್ತದೆ. ಹೆಸರಿಲ್ಲದಿದ್ದರೆ? 1780ರಲ್ಲಿ ಇಂಗ್ಲೆಂಡ್ ಒಂದು ಕಾನೂನು ಮಾಡಿತು: ಕೌಂಟಿಯ ಚುನಾವಣೆಯಲ್ಲಿ ಮತ ಹಾಕಬೇಕಾದರೆ ಆ ಜಮೀನು ಭೂತೆರಿಗೆಯ ಪಟ್ಟಿಯಲ್ಲಿ ಇರಬೇಕು. ಪಟ್ಟಿಯ ಪ್ರತಿಯನ್ನು ಪ್ರತಿವರ್ಷ ಜಿಲ್ಲಾ ನ್ಯಾಯಸಭೆಯ ಗುಮಾಸ್ತನಿಗೆ ಒಪ್ಪಿಸಬೇಕು. ವಸೂಲಿಗೆಂದು ಬರೆದ ಪಟ್ಟಿ ಹೀಗೆ ಹಕ್ಕಿನ ಪುರಾವೆಯಾಯಿತು. ಗುಮಾಸ್ತ ಹೆಸರು ತಪ್ಪಾಗಿ ಬರೆದರೆ ಮತ ಹೋಯಿತು. ಜಮೀನಿನ ಒಡತಿಯರ ಹೆಸರು ಪಟ್ಟಿಯಲ್ಲಿ ಬೇಕಾದಷ್ಟಿದೆ. ತೆರಿಗೆ ಕೊಡಲು ಅವರು ಬೇಕು, ಮತ ಹಾಕಲು ಬೇಡ. 1832ರ ಸುಧಾರಣೆಯಲ್ಲಿ ಪ್ರತ್ಯೇಕ ಮತದಾರರ ಪಟ್ಟಿ ಬರುವವರೆಗೂ ಹೀಗೇ ನಡೆಯಿತು.

ಸ್ಕಾಟ್ಲೆಂಡಿನಲ್ಲಿ ಬಾಗಿಲು ಇನ್ನೂ ಇಕ್ಕಟ್ಟು. 1681ರ ಕಾನೂನಿನ ಪ್ರಕಾರ ಕೌಂಟಿಯಲ್ಲಿ ಮತ ಬೇಕಾದರೆ 400 ಸ್ಕಾಟ್ ಪೌಂಡ್ ವ್ಯಾಲ್ಯೂಡ್ ರೆಂಟ್ ಇರುವ ಜಮೀನು ರಾಜನಿಂದ ನೇರವಾಗಿ ಪಡೆದದ್ದಾಗಿರಬೇಕು, ಇಲ್ಲವೇ ಅದಕ್ಕಿಂತಲೂ ಹಳೆಯ ಲೆಕ್ಕದಲ್ಲಿ ನಲವತ್ತು ಶಿಲಿಂಗಿನ ಜಮೀನಿರಬೇಕು. ದೊಡ್ಡ ಜಮೀನ್ದಾರರು ತಮ್ಮ ಆಸ್ತಿಯನ್ನು ಕಾಗದದ ಮೇಲೆ ತಲಾ 400 ಪೌಂಡಿನ ತುಂಡು ಮಾಡಿ, ಗೆಳೆಯರ, ವಕೀಲರ ಹೆಸರಿಗೆ ಬರೆದು, ಸುಳ್ಳು ಮತದಾರರನ್ನು ಹುಟ್ಟಿಸಿದರು. ಇಷ್ಟೆಲ್ಲ ಮಾಡಿಯೂ ಹದಿನೆಂಟನೇ ಶತಮಾನದ ಕೊನೆಗೆ ಇಡೀ ಸ್ಕಾಟ್ಲೆಂಡಿನ ಕೌಂಟಿಗಳಲ್ಲಿದ್ದ ಮತದಾರರು ಮೂರು ಸಾವಿರಕ್ಕಿಂತ ಕಮ್ಮಿ.

ವಿದ್ಯಾರ್ಥಿಗಳು ಇಲ್ಲಿ ಒಂದು ವ್ಯತ್ಯಾಸ ನೆನಪಿಡಿ. ತೆರಿಗೆಯ ದಾಖಲೆ ಬೇರೆ, ಒಡೆತನದ ದಾಖಲೆ ಬೇರೆ. ಸ್ಕಾಟ್ಲೆಂಡ್ 1617ರಲ್ಲೇ 'ರಿಜಿಸ್ಟರ್ ಆಫ್ ಸಸೀನ್ಸ್' ಎಂಬ ಸಾರ್ವಜನಿಕ ಪುಸ್ತಕ ತೆರೆದು ಜಮೀನಿನ ಹಸ್ತಾಂತರಗಳನ್ನು ಅದರಲ್ಲಿ ದಾಖಲಿಸತೊಡಗಿತು. ನಮ್ಮಲ್ಲೂ ಕಂದಾಯ ಕಟ್ಟಿದ್ದು, ಖಾತೆ ಬದಲಾದದ್ದು ಇಷ್ಟರಿಂದಲೇ ಒಡೆತನ ಸಾಬೀತಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಆದರೆ ಅಧಿಕಾರದಲ್ಲಿದ್ದವರು ತಮಗೆ ಬೇಕಾದಾಗ ಒಂದನ್ನು ಇನ್ನೊಂದರ ಜಾಗದಲ್ಲಿ ಕೂರಿಸುತ್ತಾರೆ: 1377ರ ರೈತನಿಗೆ 'ಇದು ಬರೀ ಹಳೆಯ ಲೆಕ್ಕದ ಪುಸ್ತಕ' ಅಂದರು, 1780ರ ಮತದಾರನಿಗೆ 'ಲೆಕ್ಕದ ಪುಸ್ತಕದಲ್ಲಿ ಇದ್ದರೆ ಮಾತ್ರ ನೀನು ಮತದಾರ' ಅಂದರು.

ಬಳ್ಳಾರಿಯ ರೈತ, ಲಂಡನ್ನಿನ ಜಮೀನ್ದಾರ

1798ರಲ್ಲಿ ಪ್ರಧಾನಿ ಪಿಟ್ ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡರ ಭೂತೆರಿಗೆಯನ್ನೂ 4 ಶಿಲಿಂಗಿನ ದರದಲ್ಲಿ ಕಾಯಂ ಮಾಡಿದ. ಬೇಕಾದವರು ಒಂದೇ ಸಲ ದೊಡ್ಡ ಮೊತ್ತ ಕಟ್ಟಿ ಶಾಶ್ವತವಾಗಿ ಮುಕ್ತರಾಗಬಹುದಿತ್ತು. ಇದಕ್ಕೆ ಐದು ವರ್ಷ ಮೊದಲು, 1793ರಲ್ಲಿ, ಕಾರ್ನ್‌ವಾಲಿಸ್ ಬಂಗಾಳದ ಕಂದಾಯವನ್ನು ಜಮೀನ್ದಾರರ ಮೇಲೆ ಕಾಯಂ ಮಾಡಿದ್ದ. ಒಂದೇ ಕಾಲದ, ಒಂದೇ ವರ್ಗದ ಜನರ ಯೋಚನೆ. ಭಾರವನ್ನು ಮಾತ್ರ ಒಂದೇ ತಕ್ಕಡಿಯಲ್ಲಿ ತೂಗಿರಲಿಲ್ಲ.

ಗ್ಲಾಸ್ಗೋದಲ್ಲಿ ಹುಟ್ಟಿದ ಸ್ಕಾಟ್ ಥಾಮಸ್ ಮನ್ರೋ, ಟಿಪ್ಪು ಸುಲ್ತಾನ್ ಹುತಾತ್ಮರಾದ 1799ರಲ್ಲೇ ಕೆನರಾದ ಕಲೆಕ್ಟರಾದ. ಮರುವರ್ಷ ಬಳ್ಳಾರಿ ಸೇರಿದ ದತ್ತ ಮಂಡಲಕ್ಕೆ ಹೋದ. ಜಮೀನ್ದಾರ ಬೇಡ, ರೈತನ ಜೊತೆ ನೇರ ಲೆಕ್ಕ ಇರಲಿ ಅನ್ನುವುದು ಅವನ ವಾದ. 1807ರಲ್ಲಿ ಅವನೇ ವರದಿ ಬರೆದ: ಕಂದಾಯ ಒಟ್ಟು ಬೆಳೆಯ ನೂರಕ್ಕೆ 45ರಷ್ಟು ಆಗುತ್ತಿದೆ, ಅದನ್ನು ಕಾಲು ಭಾಗ ಇಳಿಸಿ ಮೂರನೇ ಒಂದಕ್ಕೆ ತರಬೇಕು. ಆಗ ಮೇಲಿನವರು ಒಪ್ಪಲಿಲ್ಲ. ಹೋಲಿಸಿ ನೋಡಿ. ಅಲ್ಲಿನ ಜಮೀನ್ದಾರನಿಗೆ, ನೂರು ವರ್ಷ ಹಳೆಯ ಅಂದಾಜಿನ ಗೇಣಿಯಲ್ಲಿ ಐದನೇ ಒಂದು ಭಾಗ. ಇಲ್ಲಿನ ರೈತನಿಗೆ, ಕಣದಲ್ಲಿ ರಾಶಿಯಾದ ಒಟ್ಟು ಬೆಳೆಯಲ್ಲಿ ಅರ್ಧಕ್ಕೆ ಸ್ವಲ್ಪ ಕಮ್ಮಿ. ಅವನು ಪಾರ್ಲಿಮೆಂಟಿನಲ್ಲಿ ಕೂತಿದ್ದ. ಇವನು ಕಚೇರಿಯ ಹೊರಗೆ ನಿಂತಿದ್ದ.

ಕೊನೆಯ ಲೆಕ್ಕ

1909ರಲ್ಲಿ ಲಾಯ್ಡ್ ಜಾರ್ಜ್ ಎಂಬ ಹಣಕಾಸು ಮಂತ್ರಿ ಹೊಸ ಪ್ರಯತ್ನ ಮಾಡಿದ. ಊರು ಬೆಳೆದಂತೆ, ಒಡೆಯ ಬೆರಳು ಅಲ್ಲಾಡಿಸದೆಯೂ ಏರುವ ಜಮೀನಿನ ಬೆಲೆಯಲ್ಲಿ ಐದನೇ ಒಂದು ಭಾಗ ಸರಕಾರಕ್ಕೆ ಬರಲಿ, ಆ ಹಣದಿಂದ ವೃದ್ಧರಿಗೆ ಪಿಂಚಣಿಯಂಥ ಖರ್ಚು ನಡೆಯಲಿ ಅಂದ. ಜಮೀನ್ದಾರರೇ ತುಂಬಿದ್ದ ಹೌಸ್ ಆಫ್ ಲಾರ್ಡ್ಸ್ ಬಜೆಟ್ಟನ್ನೇ ತಿರಸ್ಕರಿಸಿತು. ಚುನಾವಣೆ ನಡೆದು 1910ರಲ್ಲಿ ಬಜೆಟ್ ಪಾಸಾಯಿತು. 1911ರಲ್ಲಿ ಲಾರ್ಡ್ಸ್ ಸಭೆಯ ಅಧಿಕಾರವನ್ನೇ ಮೊಟಕುಗೊಳಿಸಿದರು. ದೇಶದ ಪ್ರತಿ ತುಂಡು ನೆಲದ ಸರ್ವೆ ಶುರುವಾದಾಗ ಜನ ಅದನ್ನು 'ಹೊಸ ಡೂಮ್ಸ್‌ಡೇ' ಅಂದರು. ಆದರೆ ಸರ್ವೆ ಜಗ್ಗಾಡಿತು, ಯುದ್ಧ ಬಂತು, 1920ರಲ್ಲಿ ಆ ತೆರಿಗೆಗಳು ರದ್ದಾದವು. 1692ರ ಹಳೆಯ ಲ್ಯಾಂಡ್ ಟ್ಯಾಕ್ಸ್ ಮಾತ್ರ ತೆವಳುತ್ತ ಸಾಗಿ 1963ರಲ್ಲಿ ಕಣ್ಣುಮುಚ್ಚಿತು.

ಡೂಮ್ಸ್‌ಡೇ ಪುಸ್ತಕ ಈಗ ಲಂಡನ್ನಿನ ಕ್ಯೂ ಪ್ರದೇಶದಲ್ಲಿರುವ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿದೆ. ಪಿಟ್‌ನ ಕಾಲದ 1798ರ ಭೂತೆರಿಗೆಯ ಪಟ್ಟಿಗಳೂ ಅಲ್ಲೇ ಇವೆ. ಒಂದು ಅಂಕಣದಲ್ಲಿ ಒಡೆಯನ ಹೆಸರು, ಪಕ್ಕದಲ್ಲಿ ಗೇಣಿದಾರನ ಹೆಸರು, ಮುಂದೆ ಮೊತ್ತ. ಊರಿನ ಕೂಲಿಯವನನ್ನು, ದನ ಕಾಯುವವನನ್ನು, ಕಂಡವರ ಮನೆಯ ಬಟ್ಟೆ ಒಗೆಯುವವಳನ್ನು ಅದರಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಹಾಗಂತ ಅವರು ತೆರಿಗೆ ಕಟ್ಟಲಿಲ್ಲ ಅಂದುಕೊಳ್ಳಬೇಡಿ. ಉಪ್ಪು ಕೊಳ್ಳುವಾಗಲೆಲ್ಲ ಕಟ್ಟುತ್ತಿದ್ದರು. ಅದಕ್ಕೆ ಅವರ ಹೆಸರಿನಲ್ಲಿ ಯಾರೂ ರಸೀದಿ ಬರೆಯಲಿಲ್ಲ, ಅಷ್ಟೇ.